ಕಾಡು ಕಾಯುವ ಅಧಿಕಾರ ಊರಿಗೆ ಎಷ್ಟಿದೆ?

ಕುಮಟಾ ಪೇಟೆಗೆ ತಾಗಿಕೊಂಡೇ ಹಳಕಾರ ಅನ್ನುವ ಊರಿದೆ. ಪೇಟೆ ಪಕ್ಕದ ಕಾಡು ಉಳಿಯುವುದು ಕಷ್ಟ. ಒಲೆಗೆ ಕಟ್ಟಿಗೆ ಬೇಕು, ಬೇಲಿಗೆ ಗೂಟ ಬೇಕು, ಮನೆಗೆ ತೊಲೆ ಬೇಕು. ಎಲ್ಲರ ಕಣ್ಣೂ ಹತ್ತಿರದ ಗುಡ್ಡದ ಮೇಲೇ ಇರುತ್ತದೆ. ಆದರೂ ಹಳಕಾರದ ಕಾಡು ಉಳಿದುಕೊಂಡು ಬಂದಿದೆ. ಅದನ್ನು ನೋಡಿಕೊಳ್ಳುವುದು ಊರಿನದೇ ಗ್ರಾಮ ಅರಣ್ಯ ಪಂಚಾಯ್ತಿ. ಅದು ಶುರುವಾಗಿದ್ದು 1924ರಲ್ಲಿ. ಆಗ ಉತ್ತರ ಕನ್ನಡ ಇನ್ನೂ ಮುಂಬೈ ಪ್ರಾಂತ್ಯದಲ್ಲಿತ್ತು.

ಅದಕ್ಕೂ ಮೂರು ವರ್ಷ ಮೊದಲು, 1921ರಲ್ಲಿ, ಕಾಲಿನ್ಸ್ ಎಂಬ ಬ್ರಿಟಿಷ್ ಅಧಿಕಾರಿ ಈ ಜಿಲ್ಲೆಯ ಜನರ ಕಾಡಿನ ಕಷ್ಟಗಳ ಬಗ್ಗೆ ವರದಿ ಬರೆದಿದ್ದರು. ಹಳಕಾರ, ಚಿತ್ರಗಿ, ಕಲ್ಲಬ್ಬೆಯಂಥ ಊರುಗಳು ತಮ್ಮ ಕಾಡನ್ನು ತಾವೇ ಚೆನ್ನಾಗಿ ಇಟ್ಟುಕೊಂಡಿವೆ ಎಂದು ಅದರಲ್ಲಿ ಹೇಳಿದ್ದರು. ಅಂದರೆ ಪಂಚಾಯ್ತಿಗೆ ಸರ್ಕಾರದ ಕಾಗದ ಬರುವ ಮುಂಚೆಯೇ ಕಾವಲು ಇತ್ತು. ಕಾಗದ ಆ ಕಾವಲಿಗೆ ಬಲ ಕೊಟ್ಟಿತು. ಕಾವಲುಗಾರನನ್ನು ಊರೇ ಇಟ್ಟುಕೊಂಡಿತು, ಅವನ ಸಂಬಳಕ್ಕೆ ಮನೆಗಳಿಂದ ಹಣ ಕೂಡಿಸಿತು. ಕಾಡಿನಿಂದ ಏನು ತರಬಹುದು, ಏನು ತರಬಾರದು ಎಂಬುದನ್ನೂ ಊರೇ ಹೇಳಿತು. ಮುಂದೆ ಸರ್ಕಾರ ಈ ಪಂಚಾಯ್ತಿಗಳನ್ನು ಮುಚ್ಚಲು ಹೊರಟಾಗ ಜನ ಕೋರ್ಟಿಗೆ ಹೋಗಿ ಉಳಿಸಿಕೊಂಡರು.

ಕಾಡು ಕಾಯುವುದಕ್ಕೆ ಕೋರ್ಟಿಗೆ ಹೋದ ಊರು! ನನಗೆ ಇದು ಈಗಲೂ ದೊಡ್ಡ ವಿಷಯ ಅನ್ನಿಸುತ್ತದೆ.

ಪರಿಸರ ಉಳಿಸುವುದರಲ್ಲಿ ಜನರೂ ಪಾಲ್ಗೊಳ್ಳಬೇಕು ಎಂದು ಪ್ರತಿ ಪರಿಸರ ದಿನಾಚರಣೆಯಲ್ಲೂ ಭಾಷಣ ಆಗುತ್ತದೆ. ಪಾಲ್ಗೊಳ್ಳುವುದು ಅಂದರೆ ಏನು ಎಂದು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ಸಸಿ ನೆಡುವುದೇ? ಕಳ್ಳರ ಸುದ್ದಿ ಕೊಡುವುದೇ? ಅಥವಾ ನಿಯಮ ಮಾಡುವಾಗ ನಮ್ಮ ಮಾತಿಗೂ ಬೆಲೆ ಇರುವುದೇ? ಕಾನೂನಿನಲ್ಲಿ ಇದಕ್ಕೆಲ್ಲ ಬೇರೆ ಬೇರೆ ಉತ್ತರ ಇದೆ. ಒಂದೊಂದಾಗಿ ನೋಡೋಣ.

ಸುದ್ದಿ ಕೊಡುವುದರಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಇಲಾಖೆಗಳು ಜನರಿಂದ ಮೊದಲು ಕೇಳುವುದು ಅದನ್ನೇ. ಅದರಲ್ಲಿ ನ್ಯಾಯವೂ ಇದೆ. ಒಬ್ಬ ಗಾರ್ಡ್ ತನ್ನ ಬೀಟನ್ನೆಲ್ಲ ಒಂದೇ ದಿನ ಸುತ್ತಲಾರ. ಗರಗಸದ ಸದ್ದು ಮೊದಲು ಕೇಳಿಸುವುದು ದನ ಮೇಯಿಸುವವನಿಗೆ. ಉರುಳು ಕಟ್ಟಿದ್ದು ಮೊದಲು ಕಾಣುವುದು ಕಟ್ಟಿಗೆಗೆ ಹೋದ ಹೆಂಗಸರಿಗೆ. ಹೊಳೆಯ ನೀರಿನ ಬಣ್ಣ ಬದಲಾದರೆ ಬಟ್ಟೆ ಒಗೆಯುವವರಿಗೆ ಅಂದೇ ಗೊತ್ತಾಗುತ್ತದೆ.

ಆದರೆ ಸುದ್ದಿ ಕೊಟ್ಟವರ ಪಾಡು ಏನಾಗುತ್ತದೆ? ಕೆಲವು ವರ್ಷಗಳ ಹಿಂದೆ ನಮ್ಮೂರ ಹೊಳೆಯಲ್ಲಿ ರಾತ್ರಿ ಹೊತ್ತು ಮರಳು ತುಂಬುತ್ತಿದ್ದರು. ನಾನು ಒಂದು ಕಚೇರಿಗೆ ಫೋನ್ ಮಾಡಿದೆ. ಮರುದಿನ ಬೆಳಿಗ್ಗೆ ಹಾಲು ಹಾಕಲು ಡೇರಿಗೆ ಹೋದರೆ, ಟಿಪ್ಪರ್ ಮಾಲೀಕನ ಕಡೆಯ ಹುಡುಗನೊಬ್ಬ ಕ್ಯಾನಿನ ಮೇಲೆ ಕೈಯಿಟ್ಟು, "ಏನಣ್ಣಾ, ರಾತ್ರಿ ನಿದ್ದೆ ಬರ್ಲಿಲ್ವಾ?" ಎಂದು ಕೇಳಿದ. ಅಷ್ಟೇ ಮಾತು, ಅದೂ ನಗುತ್ತಲೇ. ಸಾಲಿನಲ್ಲಿದ್ದವರೆಲ್ಲ ನೆಲ ನೋಡಿದರು. ಆಮೇಲೆ ಒಂದು ವರ್ಷ ನಮ್ಮ ಕೇರಿಯಿಂದ ಯಾರೂ ಫೋನ್ ಮಾಡಲಿಲ್ಲ, ನಾನೂ ಮಾಡಲಿಲ್ಲ.

ಊರವರು ಆ ಊರಲ್ಲೇ ಬದುಕಬೇಕು. ಅಧಿಕಾರಿಗೆ ವರ್ಗಾವಣೆ ಇದೆ, ಊರವರಿಗೆ ಇಲ್ಲ. ಒಂಟಿಯಾಗಿ ಸುದ್ದಿ ಕೊಟ್ಟವನನ್ನು ಹೆದರಿಸುವುದು ಸುಲಭ. ಸಭೆ ಸೇರಿ ಬರೆದು ಇಪ್ಪತ್ತು ಜನ ಸಹಿ ಹಾಕಿದರೆ, ಯಾರನ್ನು ಹೆದರಿಸುತ್ತಾರೆ? ಹಾಗಾಗಿಯೇ ಊರಿನ ಸಮಿತಿ, ಊರಿನ ಸಭೆ ಇವೆಲ್ಲ ಮುಖ್ಯ. ಗೊಂದಲ ಇರುವುದೂ ಅಲ್ಲೇ.

ನಮ್ಮ ಹಳ್ಳಿಗಳಲ್ಲಿ ಕಾಡಿಗೆ ಸಂಬಂಧಿಸಿದ ಸಮಿತಿ ಒಂದಲ್ಲ, ಮೂರು ಇರಬಹುದು. ಅನೇಕರು ಮೂರನ್ನೂ ಒಂದೇ ಅಂದುಕೊಳ್ಳುತ್ತಾರೆ. ಮೂರರಲ್ಲೂ ಅದೇ ನಾಲ್ಕು ಜನ ಇದ್ದರಂತೂ ಕೇಳುವುದೇ ಬೇಡ.

ಮೊದಲನೆಯದು ಗ್ರಾಮ ಅರಣ್ಯ ಸಮಿತಿ. ಕರ್ನಾಟಕದಲ್ಲಿ ಇದು 1993ರ ಸರ್ಕಾರಿ ಆದೇಶದಿಂದ ಬಂದಿದ್ದು. ಹೆಸರು ಜಂಟಿ ಅರಣ್ಯ ಯೋಜನೆ. ಇಲಾಖೆ ಮತ್ತು ಊರು ಸೇರಿ ಹಾಳಾದ ಕಾಡಿನಲ್ಲಿ ಗಿಡ ಬೆಳೆಸುವುದು, ಊರು ಕಾಯುವುದು, ಕಟಾವಾದಾಗ ಬಂದ ಹಣದಲ್ಲಿ ಊರಿಗೂ ಒಂದು ಪಾಲು. ಅಧ್ಯಕ್ಷರು ಊರಿನವರು, ಸದಸ್ಯ ಕಾರ್ಯದರ್ಶಿ ಫಾರೆಸ್ಟರ್. ಪುಸ್ತಕ, ಲೆಕ್ಕ ಎಲ್ಲದರಲ್ಲೂ ಅವರ ಕೈ ಇರುತ್ತದೆ. ಒಳ್ಳೆಯ ಫಾರೆಸ್ಟರ್ ಸಿಕ್ಕ ಕಡೆ ಒಳ್ಳೆಯ ಕೆಲಸ ಆಗಿದೆ, ಅದನ್ನು ಇಲ್ಲ ಎನ್ನಲಾಗದು. ಆದರೆ ಏನು ನೆಡಬೇಕು ಎಂಬ ಮಾತು ಬಂದಾಗ ಮಲೆನಾಡಿನ ಎಷ್ಟೋ ಗುಡ್ಡಗಳಿಗೆ ಅಕೇಶಿಯಾ ಬಂತು. ಅಡಿಕೆ ತೋಟದವರಿಗೆ ಬೇಕಾಗಿದ್ದು ಸೊಪ್ಪು, ದರಕು ಅಂದರೆ ಒಣಗಿ ಬಿದ್ದ ಎಲೆ, ದನಕ್ಕೆ ಹುಲ್ಲು. ಅಕೇಶಿಯಾ ಎಲೆಯನ್ನು ದನ ಮೂಸುವುದೂ ಇಲ್ಲ. ಕಾಯುವ ಕೆಲಸ ಊರಿಗೆ, ಕೊನೆಯ ಮಾತು ಇಲಾಖೆಗೆ ಎಂದಾದರೆ ಕಾವಲು ಎಷ್ಟು ದಿನ ನಡೆದೀತು?

ಎರಡನೆಯದು ಅರಣ್ಯ ಹಕ್ಕು ಸಮಿತಿ. ಇದರ ಬೇರು 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿದೆ. ಇದು ಇಲಾಖೆ ಕಟ್ಟುವ ಸಮಿತಿ ಅಲ್ಲ. ಗ್ರಾಮಸಭೆಯೇ ಸೇರಿ 10ರಿಂದ 15 ಜನರನ್ನು ಆರಿಸುತ್ತದೆ. ಈ ಕಾಯ್ದೆ ಅಂದ ಕೂಡಲೇ ಜನರಿಗೆ ನೆನಪಾಗುವುದು ಒತ್ತುವರಿ ಜಮೀನಿನ ಅರ್ಜಿ. ಅದು ಕಾಯ್ದೆಯ ಒಂದು ತುಂಡು ಮಾತ್ರ. ಇನ್ನೊಂದು ತುಂಡನ್ನು ಓದಿದವರು ಕಡಿಮೆ. ತಲೆಮಾರುಗಳಿಂದ ಒಂದು ಊರು ಬಳಸುತ್ತಾ, ಕಾಯುತ್ತಾ ಬಂದ ಕಾಡಿನ ಮೇಲೆ ಇಡೀ ಊರಿಗೆ ಸಮುದಾಯ ಹಕ್ಕು ಕೊಡಬಹುದು ಎಂದು ಅಲ್ಲಿದೆ. 5ನೇ ಕಲಂ ಅಂತೂ ಇನ್ನೂ ಮುಂದೆ ಹೋಗುತ್ತದೆ. ಕಾಡು, ಕಾಡುಪ್ರಾಣಿ, ನೀರಿನ ಮೂಲ ಇವನ್ನು ಕಾಪಾಡುವ ಅಧಿಕಾರ ಹಕ್ಕುದಾರರಿಗೂ ಗ್ರಾಮಸಭೆಗೂ ಇದೆ. ಅವುಗಳಿಗೆ ಕೇಡು ಮಾಡುವ ಕೆಲಸ ನಿಲ್ಲಿಸಲು ಸಭೆ ಮಾಡಿದ ತೀರ್ಮಾನ ನಡೆಯಬೇಕು ಎನ್ನುತ್ತದೆ. ಗಮನಿಸಿ, ಇಲ್ಲಿ ಗ್ರಾಮಸಭೆ ಅಂದರೆ ಹತ್ತಾರು ಹಳ್ಳಿ ಸೇರಿದ ಗ್ರಾಮ ಪಂಚಾಯ್ತಿ ಮಟ್ಟದ ಸಭೆ ಅಲ್ಲ. ಆ ಊರಿನ, ಆ ಪೋಡಿನ, ಆ ಹಾಡಿಯ ವಯಸ್ಕರೆಲ್ಲ ಸೇರಿದ ಸಭೆ. ಪೋಡು, ಹಾಡಿ ಅಂದರೆ ಕಾಡಿನ ಜನರ ಸಣ್ಣ ಕೇರಿಗಳು. ಅರ್ಧದಷ್ಟು ಜನ ಬಂದಿರಬೇಕು, ಬಂದವರಲ್ಲಿ ಮೂರನೇ ಒಂದು ಭಾಗವಾದರೂ ಹೆಂಗಸರಿರಬೇಕು. ಕಟ್ಟಿಗೆ ತರುವವರನ್ನು ಬಿಟ್ಟು ಕಟ್ಟಿಗೆಯ ನಿಯಮ ಮಾಡಿದರೆ ಅದು ನಡೆಯುವುದಿಲ್ಲ ಎಂದು ಕಾಯ್ದೆ ಬರೆದವರಿಗೂ ಗೊತ್ತಿತ್ತು.

ಇದು ನಿಜವಾಗಿ ನಡೆದ ಜಾಗ ನೋಡಬೇಕಾದರೆ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಬೇಕು. ಆ ಕಾಡಿನಲ್ಲೇ ಬದುಕಿ ಬಂದ ಸೋಲಿಗ ಬುಡಕಟ್ಟಿನವರ ಬೆಟ್ಟ ಅದು. 1974ರಲ್ಲಿ ವನ್ಯಧಾಮವಾಯಿತು. ಬೇಟೆ ನಿಂತಿತು, ಕಾಡು ಕಡಿದು ಸುಟ್ಟು ಬಿತ್ತುವ ಕುಮರಿ ಬೇಸಾಯ ನಿಂತಿತು, ಕಾಡಿನೊಳಗಿನ ಪೋಡುಗಳನ್ನು ಎಬ್ಬಿಸಿ ರಸ್ತೆಯ ಬದಿಗೆ ತಂದು ಕೂರಿಸಿದರು. 2006ರ ಹೊತ್ತಿಗೆ ಜೇನು, ನೆಲ್ಲಿಕಾಯಿ, ಕಲ್ಲುಹೂವು ತಂದು ಮಾರುವುದಕ್ಕೂ ತಡೆ ಬಿತ್ತು. ಮನೆ ಖರ್ಚು ನಡೆಯುತ್ತಿದ್ದದ್ದೇ ಅದರಿಂದ. 2011ರ ಜನವರಿಯಲ್ಲಿ ಅದೇ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಸೋಲಿಗರು ಸುಮ್ನೆ ಕೂರಲಿಲ್ಲ. ತಮ್ಮ ದೇವರ ಜಾಗಗಳನ್ನು, ಹಳೆಯ ಪೋಡುಗಳನ್ನು, ಗೋರಿಗಳನ್ನು, ಹಳ್ಳಗಳನ್ನು ಒಂದೊಂದಾಗಿ ಗುರುತಿಸಿ ನಕ್ಷೆ ಮಾಡಿ ಅರ್ಜಿ ಹಾಕಿದರು. 2011ರ ಅಕ್ಟೋಬರ್ 2ರಂದು 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿತು. ಹುಲಿ ಕಾಡಿನೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು.

ಇಲ್ಲಿ ಒಂದು ಸಣ್ಣ ವಿಷಯವನ್ನು ಹತ್ತಿರದಿಂದ ನೋಡಬೇಕು: ತರಗು ಬೆಂಕಿ. ಚಳಿ ಮುಗಿಯುವ ಹೊತ್ತಿಗೆ, ತರಗೆಲೆ ಜಾಸ್ತಿ ಬೀಳುವ ಮುಂಚೆ, ಸೋಲಿಗರು ನೆಲಕ್ಕೆ ತೆಳುವಾಗಿ ಬೆಂಕಿ ಕೊಡುತ್ತಿದ್ದರು. ಬೆಂಕಿ ಮೊಣಕಾಲೆತ್ತರ ಹರಿದು ಆರಿ ಹೋಗುತ್ತಿತ್ತು. ದೊಡ್ಡ ಮರಕ್ಕೆ ಏನೂ ಆಗುತ್ತಿರಲಿಲ್ಲ, ಮಳೆ ಬಿದ್ದರೆ ಹೊಸ ಹುಲ್ಲು ಬರುತ್ತಿತ್ತು. ಕಾನೂನಿನ ಕಣ್ಣಿಗೆ ಬೆಂಕಿ ಅಂದರೆ ಬೆಂಕಿಯೇ. ಅದು ಅಪರಾಧವಾಯಿತು, ನಿಂತೂ ಹೋಯಿತು. ಈಗ ಆ ಕಾಡಿನಲ್ಲಿ ಆಳೆತ್ತರ ಲಂಟಾನ ಎಂಬ ಕಳೆ ಪೊದೆ ತುಂಬಿದೆ. ಹುಲ್ಲು ಇಲ್ಲ, ಜಿಂಕೆಗೆ ಮೇವಿಲ್ಲ. ಬೇಸಿಗೆಯಲ್ಲಿ ಕಿಡಿ ಬಿದ್ದರೆ ಲಂಟಾನ ಏಣಿಯ ಹಾಗೆ ಬೆಂಕಿಯನ್ನು ಮರದ ತುದಿಗೆ ಏರಿಸುತ್ತದೆ. ನೆಲ್ಲಿ ಮರಕ್ಕೆ ಉಪ್ಪಿಲು ಹತ್ತಿದೆ. ಉಪ್ಪಿಲು ಅಂದರೆ ಮರದ ಮೇಲೇ ಬೇರು ಬಿಟ್ಟು ಅದರ ರಸ ಹೀರುವ ಗಿಡ. ತರಗು ಬೆಂಕಿ ಇದ್ದಿದ್ದರೆ ಎರಡೂ ಇಷ್ಟು ಬೆಳೆಯುತ್ತಿರಲಿಲ್ಲ ಎನ್ನುತ್ತಾರೆ ಸೋಲಿಗರು. ಆ ಕಾಡಿನಲ್ಲಿ ಕೆಲಸ ಮಾಡಿದ ಸಂಶೋಧಕರೂ ಈ ಮಾತನ್ನು ಗಂಭೀರವಾಗಿ ತೆಗೆದುಕೊಂಡಿದ್ದಾರೆ. ಊರಿನವರನ್ನು ಕೇಳದೆ ನಿಯಮ ಮಾಡಿದರೆ ಕಾನೂನು ಅಕ್ಷರಶಃ ಜಾರಿಯಾಗಿಯೂ ಕಾಡು ಹಾಳಾಗಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಮೂರನೆಯದು ಜೀವವೈವಿಧ್ಯ ನಿರ್ವಹಣಾ ಸಮಿತಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಇದು ಇರಲೇಬೇಕು. ನಿಮ್ಮ ಪಂಚಾಯ್ತಿಯಲ್ಲೂ ಇದೆ, ಕಡತದಲ್ಲಾದರೂ. ಊರಿನ ಗಿಡ, ಮರ, ಮೀನು, ತಳಿ, ಔಷಧಿ ಬೇರು ಎಲ್ಲವನ್ನೂ ದಾಖಲೆ ಮಾಡುವುದು ಇದರ ಕೆಲಸ. ಯಾರಾದರೂ ವ್ಯಾಪಾರಕ್ಕೆ ಅಂತ ಅವನ್ನು ಕೊಯ್ದು ಒಯ್ದರೆ ಶುಲ್ಕ ಹಾಕಲೂಬಹುದು. ಬಹಳ ಕಡೆ ಆ ದಾಖಲೆ ಪುಸ್ತಕವನ್ನು ಹೊರಗಿನವರು ಬಂದು ಅವಸರದಲ್ಲಿ ಬರೆದು ಹೋಗಿದ್ದಾರೆ. ಒಮ್ಮೆ ಪಂಚಾಯ್ತಿಯಲ್ಲಿ ಕೇಳಿ ನೋಡಿ. ನಿಮ್ಮ ಹೊಳೆಯ ಮೀನಿನ ಹೆಸರು ಅದರಲ್ಲಿದೆಯೋ ಇಲ್ಲವೋ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಈ ಮೂರೂ ಸರ್ಕಾರಿ ಕಾಡು, ಸಾರ್ವಜನಿಕ ಜಾಗದ ಮಾತಾಯಿತು. ನಮ್ಮದೇ ಹಿತ್ತಲಿನ ಮರದಲ್ಲಿ ಕಾಡು ಹಕ್ಕಿ ಗೂಡು ಕಟ್ಟಿದರೆ?

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಆಗಿರುವುದು ಅದೇ. ಶಿಂಷಾ ಹೊಳೆಯ ಹತ್ತಿರದ ಊರು. ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳು ಊರ ನಡುವಿನ ಹುಣಸೆ ಮರಗಳಿಗೆ ಬರುತ್ತವೆ. ಹೆರಿಗೆಗೆ ತವರಿಗೆ ಬಂದ ಮಗಳು ಎನ್ನುತ್ತಾರೆ ಊರವರು. ಮಾತು ಚೆಂದ, ಆದರೆ ಹಕ್ಕಿ ಕೂತ ಮರದ ಹುಣಸೆ ಫಸಲು ಹೋಯಿತು ಅಂತಲೇ ಲೆಕ್ಕ. ಮೀನಿನ ವಾಸನೆ, ಹಿಕ್ಕೆ, ಗದ್ದಲ, ಎಲ್ಲವನ್ನೂ ತಡೆಯಬೇಕು. ಊರವರು ಮರದ ಬುಡದಲ್ಲಿ ಗುಂಡಿ ತೋಡಿ, ಕೆರೆ ಗೋಡು ಹಾಕಿ, ಬಿದ್ದ ಹಿಕ್ಕೆಯನ್ನು ಅದರಲ್ಲಿ ಸೇರಿಸಿ ಗದ್ದೆಗೆ ಗೊಬ್ಬರ ಮಾಡಿಕೊಂಡರು. ಗೂಡಿರುವ ಮರಕ್ಕೆ ಇಷ್ಟು ಎಂದು ಅರಣ್ಯ ಇಲಾಖೆ ಮಾಲೀಕರಿಗೆ ಹಣ ಕೊಡುವ ಪದ್ಧತಿ ಬಂತು. ಊರಿನ ಹುಡುಗರೇ ಹೆಜ್ಜಾರ್ಲೆ ಬಳಗ ಕಟ್ಟಿಕೊಂಡು, ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಟ್ಟರು.

2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವಾಯಿತು, ರಾಜ್ಯದಲ್ಲಿ ಮೊದಲನೆಯದು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ತಂದು ಇಂಥ ಜಾಗಗಳಿಗೆ ದಾರಿ ಮಾಡಲಾಗಿತ್ತು. ಜಮೀನು ಜನರದ್ದೇ ಆಗಿರುತ್ತದೆ, ಯಾರನ್ನೂ ಎಬ್ಬಿಸುವುದಿಲ್ಲ, ನೋಡಿಕೊಳ್ಳುವ ಸಮಿತಿಯಲ್ಲಿ ಊರಿನವರೇ ಜಾಸ್ತಿ. ಆದರೆ ಒಮ್ಮೆ ಘೋಷಣೆಯಾದ ಮೇಲೆ ಭೂಮಿಯ ಬಳಕೆ ಬದಲಾಯಿಸಬೇಕಾದರೆ ಸಮಿತಿಯ ತೀರ್ಮಾನ ಮತ್ತು ಸರ್ಕಾರದ ಒಪ್ಪಿಗೆ ಎರಡೂ ಬೇಕು. ಒಪ್ಪುವ ಮುಂಚೆ ಇದನ್ನು ಊರಿಗೆ ಸರಿಯಾಗಿ ಹೇಳಬೇಕು.

ಈಗ ತಪ್ಪು ಮಾಡಿದವರನ್ನು ಹಿಡಿಯುವ ಮಾತು. ಇಲ್ಲಿ ಜನ ಎರಡು ಕಡೆಯೂ ತಪ್ಪುತ್ತಾರೆ. ಕೆಲವರು ನಮಗೇನೂ ಅಧಿಕಾರವಿಲ್ಲ ಎಂದು ಸುಮ್ಮನಾಗುತ್ತಾರೆ, ಕೆಲವರು ಕಳ್ಳ ಎಂದು ಅನುಮಾನ ಬಂದವನನ್ನು ಕಂಬಕ್ಕೆ ಕಟ್ಟಿ ಹೊಡೆಯುತ್ತಾರೆ. ಹೊಡೆಯುವುದು ಅಪರಾಧ. ವಾಹನ ತಡೆದು ತಪಾಸಣೆ ಮಾಡುವುದು, ಮಾಲು ವಶಪಡಿಸಿಕೊಳ್ಳುವುದು ಅರಣ್ಯ ಮತ್ತು ಪೊಲೀಸ್ ಅಧಿಕಾರಿಗಳ ಕೆಲಸ. ಊರಿನ ಕೆಲಸ ನೋಡುವುದು, ಗುರುತಿಸುವುದು, ಬರೆದಿಡುವುದು. ಕರ್ನಾಟಕ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ, ಆದರೆ ಅಲ್ಲಿಗೇ ನಿಲ್ಲಬೇಡಿ. ಸರ್ವೆ ನಂಬರ್, ತಾರೀಖು, ಸಮಯ, ಗಾಡಿ ನಂಬರ್ ಹಾಕಿ ದೂರು ಬರೆದು ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ.

ಇನ್ನೊಂದು ಕೆಲಸದ ಬಗ್ಗೆ ಯಾರೂ ಮಾತಾಡುವುದಿಲ್ಲ, ಅದು ಪಂಚರ ಕೆಲಸ. ಮರ ಕಡಿದ ಜಾಗದಲ್ಲಿ ಮಹಜರು ಮಾಡುವಾಗ ಇಬ್ಬರು ಸಾಕ್ಷಿಗಳು ಬೇಕು. ಸಿಕ್ಕವರನ್ನು ಕರೆದು ಸಹಿ ಹಾಕಿಸುತ್ತಾರೆ. ವರ್ಷಗಳಾದ ಮೇಲೆ ಕೇಸು ಕೋರ್ಟಿಗೆ ಬರುತ್ತದೆ. ಸಾಕ್ಷಿ ಕಟಕಟೆಯಲ್ಲಿ ನಿಂತು, "ಸಹಿ ನಂದೇ ಸ್ವಾಮಿ, ಅದರಲ್ಲಿ ಏನು ಬರೆದಿದ್ರೋ ಗೊತ್ತಿಲ್ಲ" ಎನ್ನುತ್ತಾನೆ. ಕೇಸು ಅಲ್ಲೇ ಬಿತ್ತು. ಓದಿ ಸಹಿ ಹಾಕಿದ, ಕಂಡಿದ್ದನ್ನು ಕಂಡಂತೆ ಹೇಳುವ ಇಬ್ಬರು ಊರವರು ಸಿಕ್ಕಿದರೆ ಅದೇ ಕೇಸು ನಿಲ್ಲುತ್ತದೆ. ಕಾನೂನು ಜಾರಿಗೆ ಜನ ಮಾಡಬಹುದಾದ ಅತಿ ದೊಡ್ಡ ಸಹಾಯ ಇದೇ ಎಂದು ನಾನು ನಂಬಿದ್ದೇನೆ.

ದೂರು ಕೊಟ್ಟರೂ ಇಲಾಖೆ ಅಲ್ಲಾಡದಿದ್ದರೆ? ವನ್ಯಜೀವಿ ಕಾಯ್ದೆಯ 55ನೇ ಕಲಂ ಪ್ರಕಾರ, ಸರ್ಕಾರಕ್ಕೆ 60 ದಿನಗಳ ನೋಟಿಸ್ ಕೊಟ್ಟು ಯಾವ ನಾಗರಿಕರೇ ಆಗಲಿ ನೇರವಾಗಿ ಕೋರ್ಟಿಗೆ ದೂರು ಕೊಡಬಹುದು. ಹೊಳೆ, ಗಾಳಿ, ಕಾಡಿನ ಹಾಳಿಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದೆ. ಕರ್ನಾಟಕಕ್ಕೆ ಸಂಬಂಧಿಸಿದ ಪೀಠ ಚೆನ್ನೈನಲ್ಲಿದೆ. ಸಾಮಾನ್ಯವಾಗಿ ವಿವಾದ ಶುರುವಾದ 6 ತಿಂಗಳೊಳಗೆ ಅರ್ಜಿ ಹೋಗಬೇಕು. ಆಮೇಲೆ ನೋಡೋಣ ಎಂದು ಕೂತರೆ ಬಾಗಿಲು ಮುಚ್ಚಿರುತ್ತದೆ.

ಹಾಳಾಗುವ ಮುಂಚೆಯೇ ಮಾತಾಡುವ ಜಾಗವೂ ಒಂದಿದೆ, ಸಾರ್ವಜನಿಕ ಅಹವಾಲು ಸಭೆ. ದೊಡ್ಡ ಗಣಿ, ಕಾರ್ಖಾನೆ, ಅಣೆಕಟ್ಟು ಬರುವಾಗ ಪರಿಸರದ ಮೇಲಿನ ಪರಿಣಾಮ ನೋಡಲು ಕೇಂದ್ರ ಸರ್ಕಾರ ಹೊರಡಿಸಿದ 2006ರ ಅಧಿಸೂಚನೆ ಪ್ರಕಾರ ಇದನ್ನು ನಡೆಸಬೇಕು. ಕಡಿಮೆ ಎಂದರೂ 30 ದಿನ ಮೊದಲು ಪತ್ರಿಕೆಯಲ್ಲಿ ತಿಳಿಸಬೇಕು. ಆ ಪರಿಣಾಮದ ವರದಿಯ ಸಾರಾಂಶ ಕನ್ನಡದಲ್ಲೂ ಸಿಗಬೇಕು. ಇದರಲ್ಲಿ ಕೋರಂ ಇಲ್ಲ. ಅಂದರೆ ಇಷ್ಟು ಜನ ಬರಲೇಬೇಕು ಎಂಬ ನಿಯಮವಿಲ್ಲ. ನೀವು ಹೋಗದಿದ್ದರೆ ಸಭೆ ನಿಲ್ಲುವುದಿಲ್ಲ, ಖಾಲಿ ಕುರ್ಚಿಗಳ ಮುಂದೆ ನಡೆದು ಮುಗಿಯುತ್ತದೆ. ಸಭೆಯ ಕೊನೆಗೆ ಯಾರು ಏನು ಹೇಳಿದರು ಎಂಬುದನ್ನು ಜನರ ಭಾಷೆಯಲ್ಲೇ ಓದಿ ಹೇಳಬೇಕು ಎಂದೂ ನಿಯಮದಲ್ಲಿದೆ. ಊಟಕ್ಕೆ ಎದ್ದು ಹೋದವರಿಗೆ ಅದು ಕೇಳಿಸುವುದಿಲ್ಲ.

ಸಭೆಯ ಮಾತಿಗೆ ಎಷ್ಟು ತೂಕ ಬರಬಹುದು ಎಂಬುದಕ್ಕೆ ಒಡಿಶಾದ ನಿಯಮಗಿರಿ ಇದೆ. ಅಲ್ಲಿ ಡೋಂಗ್ರಿಯಾ ಕೊಂಧ ಬುಡಕಟ್ಟಿನವರು ದೇವರೆಂದು ನಂಬಿದ ಬೆಟ್ಟದಲ್ಲಿ ಬಾಕ್ಸೈಟ್ ಗಣಿ ಬರಲಿತ್ತು. 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಗ್ರಾಮಸಭೆಗಳನ್ನು ಕೇಳಿ ಎಂದಿತು. 12 ಊರುಗಳಲ್ಲಿ ಸಭೆ ನಡೆಯಿತು, 12ರಲ್ಲೂ ಬೇಡ ಎಂದರು. ಗಣಿ ಬರಲಿಲ್ಲ.

ಅಲ್ಲಿ ಜಿಲ್ಲಾ ನ್ಯಾಯಾಧೀಶರೇ ಸಭೆಯಲ್ಲಿ ಕೂತು ನೋಡಿದರು. ನಮ್ಮೂರ ಸಭೆಗೆ ನ್ಯಾಯಾಧೀಶರು ಬರುವುದಿಲ್ಲ, ನಾವೇ ನೋಡಿಕೊಳ್ಳಬೇಕು. ನೋಡಬೇಕಾದ್ದು ನಡಾವಳಿ ಪುಸ್ತಕವನ್ನು. ಬಹಳ ಕಡೆ ಮೊದಲು ಸಹಿ, ಆಮೇಲೆ ಬರಹ. ಬಾಗಿಲಲ್ಲೇ ಪುಸ್ತಕ ಹಿಡಿದು ಸಹಿ ಹಾಕಿಸಿಕೊಳ್ಳುತ್ತಾರೆ, ತೀರ್ಮಾನ ಬರೆಯುವುದು ಎಲ್ಲರೂ ಮನೆಗೆ ಹೋದ ಮೇಲೆ. ಮುಂದಿನ ಸಭೆಗೆ ಹೋದಾಗ ಬರೆದು ಮುಗಿಯುವ ತನಕ ಕೂತಿರಿ. ಗಟ್ಟಿಯಾಗಿ ಓದಲು ಹೇಳಿ. ಕೊನೆಯ ಸಾಲಿಗೂ ಮೊದಲ ಸಹಿಗೂ ನಡುವೆ ಖಾಲಿ ಜಾಗ ಉಳಿದಿದ್ದರೆ ಅಡ್ಡ ಗೆರೆ ಎಳೆಸಿ. ಪುಟದ ಫೋಟೊ ತೆಗೆದುಕೊಂಡು ಎದ್ದು ಬನ್ನಿ.